ಉಚಿತ ಕವಿ ತಪಾಸಣೆ

ಬಿಸಿ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವ ವಾಸನೆ ಬಂದರೆ ನನಗೆ ಇವತ್ತಿಗೂ ಹಸಿವಾಗುವುದಿಲ್ಲ, ಕಿವಿ ನೋಯುತ್ತದೆ. ಚಿಕ್ಕಂದಿನಲ್ಲಿ ನಮ್ಮಜ್ಜಿ ಆ ಎಣ್ಣೆಯನ್ನು ಚಮಚದಲ್ಲಿ ಆರಿಸಿ, ನನ್ನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಎರಡು ಹನಿ ಕಿವಿಗೆ ಬಿಟ್ಟು ಹತ್ತಿ ತುರುಕುತ್ತಿದ್ದಳು. ನೋವು ಹೋಗುತ್ತಿತ್ತೋ ಇಲ್ಲವೋ, ಅವಳ ಮಡಿಲಿನ ಬಿಸುಪಿಗೆ ನಿದ್ದೆಯಂತೂ ಬಂದುಬಿಡುತ್ತಿತ್ತು. ಈಗ ನಾನು ದಿನವೂ ಹೋಗಿ ಕೂರುವ ಕೋಣೆಯ ಬಾಗಿಲಲ್ಲಿ ‘ಕಿವಿಗೆ ಎಣ್ಣೆ ಬಿಡಬೇಡಿ’ ಎಂಬ ಫಲಕವಿದೆ. ಅದನ್ನು ಬರೆಸಿದವಳು ನನ್ನ ತಂಗಿಯ ಮಗಳು. ಅಜ್ಜಿ ಬದುಕಿದ್ದರೆ ಆ ಫಲಕದ ಕೆಳಗೇ ಇಬ್ಬರಿಗೂ ಜಗಳ ಹತ್ತಿಕೊಳ್ಳುತ್ತಿತ್ತು. ನಾನು ಯಾರ ಪಕ್ಷವನ್ನೂ ವಹಿಸದೆ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿಬಿಡುತ್ತಿದ್ದೆ.

ಮಗುವನ್ನು ಎತ್ತಿಕೊಳ್ಳುವುದೇ ನನ್ನ ಕೆಲಸ. ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಹಿಂಬದಿಯ ಕಟ್ಟಡದಲ್ಲಿ, ಬಟ್ಟೆ ಒಗೆಯುವ ಯಂತ್ರಗಳನ್ನು ದಾಟಿ ಹೋದರೆ ಸಿಗುವ ಕೊನೆಯ ಕೋಣೆ ನಮ್ಮದು. ಅಲ್ಲಿ ಹಸುಗೂಸುಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ನೋಡುತ್ತಾರೆ. ಮೆತ್ತನೆಯ ಒಂದು ತುದಿಯನ್ನು ಮಗುವಿನ ಕಿವಿಗೆ ಇಟ್ಟರೆ ಯಂತ್ರ ಟಿಕ್ ಟಿಕ್ ಎಂದು ಸಣ್ಣಗೆ ಕರೆಯುತ್ತದೆ. ಕಿವಿ ಚೆನ್ನಾಗಿದ್ದರೆ ಒಳಗಿನಿಂದ ಪ್ರತಿಧ್ವನಿ ಬರುತ್ತದೆ. ಆದರೆ ಮಗು ನಿದ್ದೆಯಲ್ಲಿರಬೇಕು. ನಾನು ಕಾಲೇಜಿನಲ್ಲಿ ಮೂರು ದಶಕ ಚರಿತ್ರೆ ಪಾಠ ಮಾಡಿದವಳು, ಮಲಗಿಸುವುದರಲ್ಲಿ ನುರಿತಿದ್ದೇನೆ ಎಂದು ತಂಗಿಯ ಮಗಳು ನನ್ನನ್ನು ಕರೆದುಕೊಂಡಳು. ಅವಳು ‘ದೊಡ್ಡಮ್ಮ’ ಎನ್ನುವುದನ್ನು ಕೇಳಿ ಇಡೀ ಆಸ್ಪತ್ರೆಗೆ ನಾನು ದೊಡ್ಡಮ್ಮನಾದೆ. ಅವಳನ್ನು ಎಲ್ಲರೂ ‘ಕಿವಿ ಮೇಡಂ’ ಎನ್ನುತ್ತಿದ್ದರು.

ಕಿವಿ ಮೇಡಂಗೆ ಎಡಗಿವಿ ಕೇಳಿಸುವುದಿಲ್ಲ. ಹುಟ್ಟಿನಿಂದಲೇ ಕೇಳಿಸುತ್ತಿರಲಿಲ್ಲವಂತೆ, ಗೊತ್ತಾಗಿದ್ದು ಶಾಲೆಗೆ ಸೇರಿದ ಮೇಲೆ. ಅಷ್ಟರಲ್ಲಿ ಅವಳಿಗೆ ಹಟಮಾರಿ ಎಂಬ ಹೆಸರು ಬಿದ್ದು, ಕೊನೆಯ ಬೆಂಚಿನ ಖಾಯಂ ಗಿರಾಕಿಯಾಗಿದ್ದಳು. ಈಗಲೂ ಮಾತಾಡುವವರ ಕಡೆಗೆ ಬಲಗೆನ್ನೆ ತಿರುಗಿಸಿ ನಿಲ್ಲುತ್ತಾಳೆ. ನೋಡಿದವರು ಬಿಂಕ ಎಂದುಕೊಳ್ಳುತ್ತಾರೆ. ಬಂದವರನ್ನೆಲ್ಲ, ತಾಯಂದಿರನ್ನು, ಕಸ ಗುಡಿಸುವವರನ್ನು, ದಾರಿ ತಪ್ಪಿ ಬಂದವರನ್ನೂ ‘ಊಟ ಆಯ್ತಾ’ ಎಂದು ಕೇಳುವುದು ಅವಳ ಅಭ್ಯಾಸ. ಅವಳ ಊಟ ಮಾತ್ರ ಎರಡು ಮಕ್ಕಳ ಪರೀಕ್ಷೆಯ ನಡುವೆ ನಿಂತುಕೊಂಡೇ ತಿನ್ನುವ ಬಿಸ್ಕತ್ತು.

ಆ ವರ್ಷದ ಕೊನೆಗೆ ನಮ್ಮ ಕೋಣೆಗೆ ಸರ್ಕಾರ ಕೊಟ್ಟಿದ್ದ ಮಂಜೂರಾತಿ ಮುಗಿಯುತ್ತಿತ್ತು. ಮುಂದುವರಿಸದಿದ್ದರೆ ಕೋಣೆ ಹಳೆಯ ಮಂಚಗಳ ಪಾಲಾಗುತ್ತದೆ, ಅವಳ ಕೆಲಸವೂ ಹೋಗುತ್ತದೆ. ಕೆಲಸ ಹೋಗುವುದಕ್ಕೆ ಅವಳು ಹೆದರಲಿಲ್ಲ. “ಇನ್ನೊಂದಷ್ಟು ಮಕ್ಕಳು ಹಟಮಾರಿಗಳಾಗ್ತಾರೆ ದೊಡ್ಡಮ್ಮ, ಅಷ್ಟೆ,” ಎಂದು ಯಂತ್ರದ ತುದಿ ಒರೆಸುತ್ತ ಹೇಳಿದಳು.

ನಮ್ಮ ಪರವಾಗಿ ಸರ್ಕಾರಕ್ಕೆ ಹೇಳಬೇಕಾದವರು ಸಂಪಾದಕರು. ‘ಆವರಣ ವಾರ್ತೆ’ ಎಂಬ ವಿಶ್ವವಿದ್ಯಾಲಯದ ಸುದ್ದಿಪತ್ರಿಕೆಯನ್ನು ಹೊರಡಿಸುವುದೂ, ಸರ್ಕಾರದ ಕಚೇರಿಗಳಿಗೆ ಎಡತಾಕಿ ನಮ್ಮ ಅಹವಾಲು ಮುಟ್ಟಿಸುವುದೂ ಅವರೊಬ್ಬರದೇ ಹೊಣೆ. ಮನುಷ್ಯ ಮುಂಗೋಪಿ ಎಂದು ಹೆಸರಾಗಿದ್ದರು. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳವನ್ನು ಗೋಡೆಯಂತೆ ನಿಲ್ಲಿಸಿ ಅದರ ಹಿಂದೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಒಳಗೇನಿದೆ ಎಂದು ಕಂಡವರಿಲ್ಲ. ಮನೆಯಾಕೆಯ ಕೈರುಚಿ ಅಷ್ಟು ಚೆನ್ನಾಗಿರಬೇಕು, ಹಂಚಲು ಮನಸ್ಸು ಬಾರದು ಎಂದು ಟೈಪಿಸ್ಟ್ ಹುಡುಗಿಯರು ಆಡಿಕೊಳ್ಳುತ್ತಿದ್ದರು.

ಅವರು ನಮ್ಮ ಕೋಣೆಯ ಮೇಲೆ ಲೇಖನ ಬರೆಯಲು ಬಂದ ದಿನ ನನ್ನ ಮಡಿಲಲ್ಲಿ ಒಂದು ಮಗು ಆಗಷ್ಟೇ ಕಣ್ಣು ಮುಚ್ಚಿತ್ತು. ಬಾಗಿಲಲ್ಲಿ ಅವರ ಬೂಟು ಕಿರ್ ಎಂದಿತು. ತಾವೇ ಬೆಚ್ಚಿ, ಅಲ್ಲೇ ಬಗ್ಗಿ ಬೂಟು ಬಿಚ್ಚಿಟ್ಟು, ಕಾಲ್ಚೀಲದಲ್ಲಿ ಬೆಕ್ಕಿನಂತೆ ಒಳಗೆ ಬಂದರು. ಒಂದು ಕಾಲ್ಚೀಲಕ್ಕೆ ಹೆಬ್ಬೆರಳಿನ ಹತ್ತಿರ ತೂತಿತ್ತು. ಮುಂಗೋಪಿ ಎಂಬುದನ್ನು ನಾನು ಅಂದಿನಿಂದ ನಂಬುವುದು ಬಿಟ್ಟೆ.

ಲೇಖನ ಬಹಳ ಚೆನ್ನಾಗಿ ಬಂದಿತ್ತು. ಮೊದಲ ಪುಟಕ್ಕೆ ಕುಲಪತಿಗಳ ಮನವಿ, ಒಳಗೆ ನಮ್ಮ ಲೇಖನ, ಕೊನೆಯ ಪುಟದಲ್ಲಿ ಪ್ರಾಧ್ಯಾಪಕರು ಸೇರಿ ನಡೆಸಿದ ಕವಿಗೋಷ್ಠಿಯ ವರದಿ. ಈ ಸಂಚಿಕೆ ಶಾಸನಸಭೆಯ ಎಲ್ಲ ಸದಸ್ಯರ ಮೇಜಿಗೂ ಹೋಗಲಿತ್ತು. ಆರೋಗ್ಯ ಸಮಿತಿಯವರು ಅದನ್ನು ಓದಿಯೇ ನಮ್ಮಲ್ಲಿಗೆ ಬರುವವರಿದ್ದರು.

ಅಚ್ಚಿಗೆ ಕಳಿಸುವ ಸಂಜೆ ಸಂಪಾದಕರ ಕಣ್ಣಿಗೆ ಕೊನೆಯ ಪುಟ ಬಿತ್ತು. ಇಡೀ ದಿನ ನಮ್ಮ ಲೇಖನವನ್ನೇ ಟೈಪ್ ಮಾಡಿ ಕೈಗೆ ರೂಢಿಯಾಗಿದ್ದ ಹುಡುಗಿ ಕವಿಗೋಷ್ಠಿಯನ್ನು ‘ಕಿವಿಗೋಷ್ಠಿ’ ಮಾಡಿದ್ದಳು. ‘ಹಿರಿಯ ಕಿವಿಗಳು ವೇದಿಕೆಯನ್ನು ಅಲಂಕರಿಸಿದ್ದರು’ ಎಂದಿತ್ತು. ಸಂಪಾದಕರು ಅವಳಿಗೆ ಬೈಯಲಿಲ್ಲ, ಬಸ್ಸಿಗೆ ತಡವಾಗುತ್ತದೆ ಹೊರಡು ಎಂದು ಕಳಿಸಿ, ತಾವೇ ಕಂಪ್ಯೂಟರಿನ ಮುಂದೆ ಕೂತರು. ಕಿವಿ ಇರುವಲ್ಲೆಲ್ಲ ಕವಿ ಹಾಕು ಎಂದು ಅದಕ್ಕೆ ಅಪ್ಪಣೆ ಕೊಟ್ಟರು. ಅದು ಹೇಳಿದ ಮಾತು ಕೇಳುವ ಯಂತ್ರ. ಕೊನೆಯ ಪುಟದಲ್ಲಿ ಮಾತ್ರ ಎಂದು ಯಾರೂ ಅದಕ್ಕೆ ಹೇಳಿರಲಿಲ್ಲ.

ಹೀಗೆ ಇಡೀ ಸಂಚಿಕೆಯ ಕಿವಿಗಳ ಗುಡಿಸು ಹಾರಿಹೋಯಿತು.

ಅಚ್ಚಾಗಿ ಬಂದ ಪತ್ರಿಕೆಯನ್ನು ನಾನೇ ಮೊದಲು ಬಿಡಿಸಿದೆ. ‘ಉಚಿತ ಕವಿ ತಪಾಸಣೆ’ ಎಂಬ ಶೀರ್ಷಿಕೆ. ಹುಟ್ಟಿದ ಪ್ರತಿ ಮಗುವಿಗೂ ಎರಡು ಕವಿಗಳಿದ್ದು ಎರಡನ್ನೂ ಪರೀಕ್ಷಿಸುವುದು ಅಗತ್ಯ ಎಂದಿತ್ತು. ಕವಿಯೊಳಗೆ ಕಡ್ಡಿ ಹಾಕಿ ಕೆದಕಬೇಡಿ. ಕವಿಗೆ ಎಣ್ಣೆ ಬಿಡಬೇಡಿ. ಕವಿ ಸೋರುತ್ತಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ. ಕವಿಯಲ್ಲಿ ಸೇರಿಕೊಂಡ ಕೊಳೆಯನ್ನು ನಮ್ಮಲ್ಲಿ ನೋವಿಲ್ಲದೆ ತೆಗೆಯಲಾಗುವುದು. ಮೊದಲ ಪುಟದಲ್ಲಿ ಕುಲಪತಿಗಳು, ಎಷ್ಟು ಸಲ ಬೇಡಿಕೊಂಡರೂ ಸರ್ಕಾರ ತಮಗೆ ಕವಿಗೊಟ್ಟಿಲ್ಲವೆಂದು ಕೊರಗಿ, ಈ ಸಲವಾದರೂ ಕವಿಗೊಡಬೇಕೆಂದು ಕಳಕಳಿಯಿಂದ ಪ್ರಾರ್ಥಿಸಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಮಡಿಲಲ್ಲಿದ್ದ ಮಗು ಎದ್ದುಬಿಟ್ಟಿತು. ಆಮೇಲೆ ತಂಗಿಯ ಮಗಳ ಮುಖ ನೋಡಿದೆ, ನಗು ನಿಂತಿತು.

ಸರ್ಕಾರಕ್ಕೆ ಪ್ರತಿಗಳು ಆಗಲೇ ಹೋಗಿಬಿಟ್ಟಿದ್ದವು. ಸಂಪಾದಕರು ಕೂಡಲೇ ಆವರಣದಲ್ಲೆಲ್ಲ ಒಂದು ತಿದ್ದುಪಡಿ ಚೀಟಿ ಹಂಚಿಸಿದರು, ಕವಿ ಎಂದಿರುವಲ್ಲೆಲ್ಲ ದಯವಿಟ್ಟು ಕಿವಿ ಎಂದು ಓದಿಕೊಳ್ಳುವುದು ಎಂದು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು ಕೊನೆಯ ಪುಟವನ್ನೂ ಹಾಗೇ ಓದಿಕೊಂಡರು. ವೇದಿಕೆಯಲ್ಲಿ ಅಧ್ಯಕ್ಷತೆ ವಹಿಸಿದ್ದ ಅಂಗರಚನಾ ಪ್ರಾಧ್ಯಾಪಕರನ್ನು ವಿದ್ಯಾರ್ಥಿಗಳು ‘ಹಿರಿಯ ಕಿವಿ’ ಎಂದು ಕರೆಯತೊಡಗಿದರು. ದುರದೃಷ್ಟಕ್ಕೆ ಅವರ ಕಿವಿಗಳೂ ಕೊಂಚ ದೊಡ್ಡವೇ. ಸಂಪಾದಕರು ಕಾರಿಡಾರಿನಲ್ಲಿ ಗೋಡೆಗೆ ಅಂಟಿಕೊಂಡು ಓಡಾಡುವಂತಾಯಿತು. ನಮ್ಮ ಕೋಣೆಯ ಕಡೆಗಂತೂ ಅವರು ತಲೆ ಹಾಕಲಿಲ್ಲ.

ಸರ್ಕಾರದಿಂದ ಉತ್ತರ ಬರಲು ಯಾವಾಗಲೂ ಕಾಲ ಹಿಡಿಯುತ್ತದೆ. ಈ ಸಲ ಬೇಗ ಬಂತು. ಕುಲಪತಿಗಳ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ, ಸಂಸ್ಕೃತಿ ಇಲಾಖೆಯಲ್ಲಿ ಸದ್ಯಕ್ಕೆ ಕೆಲಸವಿಲ್ಲದ ಕವಿಯೊಬ್ಬರನ್ನು ತಮ್ಮಲ್ಲಿಗೆ ನಿಯೋಜಿಸಲಾಗಿದೆ, ಬರಮಾಡಿಕೊಳ್ಳುವುದು. ಓದಿ ಕುಲಪತಿಗಳು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರಂತೆ. ಸಮಿತಿ ಬರುವ ಹೊತ್ತಿನಲ್ಲಿ ಸರ್ಕಾರ ಕೊಟ್ಟದ್ದನ್ನು ಹಿಂದಕ್ಕೆ ಕಳಿಸುವ ಹಾಗಿಲ್ಲ. ಕವಿಯನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ ಬಂದಾಗ ಆಡಳಿತಾಧಿಕಾರಿಗಳು ಪತ್ರಿಕೆ ತೆರೆದು ನೋಡಿ, ಕವಿ ತಪಾಸಣಾ ಕೊಠಡಿ ಎಂದು ಒಂದು ಇದೆಯಲ್ಲ ಎಂದರಂತೆ.

ಕವಿಗಳು ಒಂದು ಚೀಲ, ಒಂದು ಕೊಡೆ, ಗುಡುಗಿನಂಥ ಧ್ವನಿಯೊಂದಿಗೆ ಬಂದರು. “ನಮಸ್ಕಾರ,” ಎಂದರು, ಎರಡು ಮಕ್ಕಳು ಎದ್ದವು. ನನ್ನ ವಯಸ್ಸಿನವರೇ. ಕಿಟಕಿಯ ಪಕ್ಕ ಮೇಜು ಹಾಕಿಕೊಟ್ಟೆವು. ಅಲ್ಲಿಂದ ಆಗಾಗ ಸ್ವಂತ ಸಾಲುಗಳನ್ನು ತಮಗೆ ತಾವೇ ಓದಿಕೊಳ್ಳುತ್ತಿದ್ದರು. ಪಿಸುಮಾತು ಎಂದೇ ಅವರ ಎಣಿಕೆ. ಬಟ್ಟೆ ಒಗೆಯುವವರು ಯಂತ್ರ ನಿಲ್ಲಿಸಿ ಏನಾಯಿತೆಂದು ನೋಡಲು ಬರುತ್ತಿದ್ದರು. ನಾನು ಬೆವರು ಸುರಿಸಿ ಮಲಗಿಸಿದ ಮಗುವನ್ನು ಅವರ ಒಂದು ಉಪಮೆ ಎಬ್ಬಿಸಿಬಿಡುತ್ತಿತ್ತು.

ಮೊದಲ ದಿನವೇ ತಂಗಿಯ ಮಗಳು ಎಂದಿನಂತೆ ಕೇಳಿದಳು, “ಊಟ ಆಯ್ತಾ?”

“ನೋಟ ಚೆನ್ನಾಗಿದೆಯಮ್ಮ,” ಎಂದರು ಕವಿಗಳು, “ಕಿಟಕಿಯಿಂದ ಮರ ಪೂರ್ತಿ ಕಾಣುತ್ತೆ.”

ದಿನವೂ ಅವಳು ಕೇಳುವಳು, ದಿನವೂ ಅವರು ಮರದ ವರದಿ ಕೊಡುವರು. ಎಲೆ ಉದುರಿದ್ದು, ಕಾಗೆ ಕೂತದ್ದು, ಎಲ್ಲ. ಮಗು ಮಲಗಿದೆ ಎಂದು ನಾನು ಕೈಸನ್ನೆ ಸಮೇತ ಹೇಳಿದರೆ, “ನಗು ಮಲಗಿದೆಯಾ? ಆಹಾ, ಒಳ್ಳೇ ಸಾಲು,” ಎಂದು ಗೀಚಿಕೊಂಡರು. ಅವಳು ನನ್ನ ಕಡೆ ನೋಡಿದಳು. ಕವಿಗಳು ಮಾತಾಡುವವರ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾರೆ ಎಂಬುದು ಅವಳಿಗೆ ಆಗಲೇ ತಿಳಿದಿತ್ತು.

ಪರೀಕ್ಷೆ ಮಾಡೋಣವೇ ಎಂದು ಅವಳು ಚೀಟಿಯಲ್ಲಿ ಬರೆದು ತೋರಿಸಿದ ದಿನ ಕವಿಗಳಿಗೆ ಸಿಟ್ಟು ಬಂತು. ಅವಳು ಹೊರಗೆ ಹೋದ ಮೇಲೆ ನನ್ನ ಹತ್ತಿರ ಕುರ್ಚಿ ಎಳೆದುಕೊಂಡು, ಮೊದಲ ಬಾರಿಗೆ ನಿಜವಾಗಿಯೂ ಮೆಲ್ಲಗೆ ಮಾತಾಡಿದರು. “ದೊಡ್ಡಮ್ಮನೋರೇ, ನಿಮಗೊಬ್ಬರಿಗೇ ಹೇಳ್ತೀನಿ. ಜನ ಹೊಗಳಿರೋ ನನ್ನ ಸಾಲುಗಳೆಲ್ಲ ತಪ್ಪಾಗಿ ಕೇಳಿಸಿಕೊಂಡಿದ್ದೇ. ಯಾರೋ ಒಬ್ಬರು ‘ಬಾಗಿಲು ಹಾಕು’ ಅಂದ್ರು, ನನಗೆ ‘ಮುಗಿಲು ಹಾಕು’ ಅಂತ ಕೇಳಿಸ್ತು. ಅದಕ್ಕೆ ಬಹುಮಾನ ಬಂತು. ಎಲ್ಲ ಸರಿಯಾಗಿ ಕೇಳಿಸಿಬಿಟ್ಟರೆ ನಾನು ಬರೆಯೋದೇನನ್ನ?”

ನೀರು ಕೊಟ್ಟೆ, ಕುಡಿದರು.

ಸಮಿತಿ ಬರುವ ದಿನ ಬಂದೇ ಬಿಟ್ಟಿತು. ನೆಲವನ್ನು ಎರಡು ಸಲ ಒರೆಸಿದ್ದಾಯಿತು. ಮುಂದೆ ಅಧ್ಯಕ್ಷೆ, ಅಗಲ ಮುಖದ, ನಗದ ಹೆಂಗಸು. ಹಿಂದೆ ಸದಸ್ಯರು, ಕುಲಪತಿಗಳು, ಎಲ್ಲರಿಗಿಂತ ಹಿಂದೆ ಬೂಟು ಕೈಯಲ್ಲಿ ಹಿಡಿದುಕೊಂಡ ಸಂಪಾದಕರು. ಅಧ್ಯಕ್ಷೆಯ ಕಂಕುಳಲ್ಲಿ ಆ ಸಂಚಿಕೆ ಇತ್ತು. ಕುಲಪತಿಗಳ ಕಣ್ಣು ಅದನ್ನು ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲ.

ಮಗುವೊಂದರ ಪರೀಕ್ಷೆ ಮಾಡಿ ತೋರಿಸುವುದೆಂದು ನಿಶ್ಚಯವಾಗಿತ್ತು. ಆದರೆ ಅಷ್ಟು ಜನರನ್ನು ಕಂಡ ಮಗು ರಂಪ ಎಬ್ಬಿಸಿತು. ನಾನು ತಟ್ಟಿದೆ, ತೂಗಿದೆ, ಗುನುಗಿದೆ, ಒಂದು ಹಂತದಲ್ಲಿ ಚರಿತ್ರೆಯ ಪಾಠವನ್ನೂ ಶುರುಮಾಡಿದೆ. ಹಿಂದಿನ ಸಾಲಿನ ಸದಸ್ಯರೊಬ್ಬರು ಆಕಳಿಸಿದರು, ಮಗು ಮಾತ್ರ ಮಲಗಲಿಲ್ಲ. ಅಧ್ಯಕ್ಷೆ ಗಡಿಯಾರ ನೋಡಿದರು. ಇನ್ನೊಂದು ಕಡೆ ಹೋಗಬೇಕು, ತೋರಿಸೋದು ಏನೂ ಇಲ್ಲದಿದ್ದರೆ ಹೊರಡೋಣ ಎಂದರು. ತಂಗಿಯ ಮಗಳ ಎಡಬದಿಯಲ್ಲಿ ನಿಂತು ಹೇಳಿದ್ದರಿಂದ ಅವಳಿಗೆ ಅದು ಕೇಳಿಸಲಿಲ್ಲ. ಯಂತ್ರದ ತುದಿ ಹಿಡಿದು ಕಾಯುತ್ತಲೇ ನಿಂತಿದ್ದಳು.

ಕವಿಗಳಿಗೂ ಕೇಳಿಸಿರಲಿಕ್ಕಿಲ್ಲ. ಆದರೆ ಅವರು ಅಧ್ಯಕ್ಷೆಯ ತುಟಿ ನೋಡುತ್ತಿದ್ದರು. ಮೇಜಿನಿಂದ ಎದ್ದು ಮುಂದೆ ಬಂದರು.

“ಪತ್ರಿಕೆಯಲ್ಲಿ ಕವಿ ತಪಾಸಣೆ ಅಂತ ತಾನೇ ಇರೋದು?” ಎಂದರು. ಕೋಣೆಯ ಗಾಜು ನಡುಗಿತು. “ಸರ್ಕಾರವೇ ಕಳಿಸಿದ ಕವಿ ಇಲ್ಲಿದ್ದೀನಿ. ಮಾಡಮ್ಮ ತಪಾಸಣೆ.”

ಕೋಣೆಯ ಮೂಲೆಯಲ್ಲಿ ದೊಡ್ಡವರ ಪರೀಕ್ಷೆಗೆಂದು ಸದ್ದು ಹೊಗದ ಒಂದು ಗಾಜಿನ ಗೂಡಿದೆ. ಕವಿಗಳು ಅದರೊಳಗೆ ಕೂತು, ಕಿವಿಯ ಮೇಲೆ ಯಂತ್ರ ಹಾಕಿಸಿಕೊಂಡರು. ಸದ್ದು ಕೇಳಿಸಿದಾಗ ಬೆರಳು ಎತ್ತಬೇಕು, ಅಷ್ಟೆ. ಒಳಗೆ ಹೋಗುವ ಸದ್ದು ಹೊರಗಿನವರಿಗೂ ಕೇಳಿಸಲೆಂದು ಅವಳು ಸ್ಪೀಕರ್ ಹಾಕಿದಳು.

ಮೊದಲ ಸದ್ದು ಬಂತು, ಹಕ್ಕಿಯ ಸಿಳ್ಳಿನಂತೆ. ಕವಿಗಳು ಗಾಜಿನಾಚೆ ನಮ್ಮೆಲ್ಲರನ್ನೂ ನೋಡುತ್ತ ಪ್ರಸನ್ನರಾಗಿ ಕೂತಿದ್ದರು. ಅವಳು ಸದ್ದು ಹೆಚ್ಚಿಸಿದಳು. ಬೆರಳು ಏಳಲಿಲ್ಲ. ಇನ್ನೂ ಹೆಚ್ಚಿಸಿದಳು. ಆಗ ಹಿಂದಿನ ಸಾಲಿನಲ್ಲಿ ಆಕಳಿಸಿದ್ದ ಸದಸ್ಯರು ತಮಗರಿವಿಲ್ಲದೆ ಬೆರಳು ಎತ್ತಿದರು. ಮುಂದಿನ ಸದ್ದಿಗೆ ಅವರ ಪಕ್ಕದವರು. ಆಮೇಲೆ ಕುಲಪತಿಗಳು. ಕೊನೆಗೆ ಕೋಣೆಯಲ್ಲಿದ್ದವರೆಲ್ಲ ಶಾಲೆಯ ಮಕ್ಕಳಂತೆ ಬೆರಳು ಎತ್ತಿ ನಿಂತಿದ್ದೆವು. ಎತ್ತಬೇಕಾದವರೊಬ್ಬರು ಮಾತ್ರ ಗೂಡಿನೊಳಗೆ ನಮ್ಮನ್ನು ಬೆರಗಿನಿಂದ ನೋಡುತ್ತಿದ್ದರು. ಯಾರೂ ನಗಲಿಲ್ಲ. ಅಳುತ್ತಿದ್ದ ಮಗುವೂ ಸದ್ದಿನ ಕಡೆ ತಲೆ ತಿರುಗಿಸಿ ಸುಮ್ಮನಾಗಿತ್ತು.

ಕವಿಗಳು ಹೊರಬಂದ ಮೇಲೆ ಅವಳು ಪರೀಕ್ಷೆಗೆ ಇಟ್ಟುಕೊಂಡಿದ್ದ ಶ್ರವಣಯಂತ್ರವನ್ನು ಅವರ ಕಿವಿಗಿಟ್ಟು ಸರಿಪಡಿಸಿದಳು. ಅವರು ಒಮ್ಮೆ ಸುತ್ತ ನೋಡಿದರು. ಬಟ್ಟೆ ಒಗೆಯುವ ಯಂತ್ರ ಅಷ್ಟು ಗಲಾಟೆ ಮಾಡುತ್ತದೆಯೇ ಎಂದು ಕೇಳಿದರು. ಆ ಮೇಲೆ ಅವಳು, ಇನ್ನೇನು ಕೇಳಬೇಕೆಂದು ತೋಚದೆ, ರೂಢಿಯಂತೆ ಕೇಳಿದಳು. “ಊಟ ಆಯ್ತಾ?”

ಕವಿಗಳು ಕಿಟಕಿಯಾಚೆಯ ಮರದ ಕಡೆ ಒಮ್ಮೆ ತಿರುಗಿ ನೋಡಿದರು.

“ಇಷ್ಟು ದಿನ ಇದನ್ನಾ ನೀನು ಕೇಳ್ತಿದ್ದಿದ್ದು?” ಎಂದರು. ಧ್ವನಿ ಸಣ್ಣಗಾಗಿತ್ತು. “ನಾನು ಮರದ ವಿಷಯ ಹೇಳ್ತಿದ್ದೆನಲ್ಲಮ್ಮ.”

ಅಧ್ಯಕ್ಷೆ ಯಾವಾಗಿನಿಂದ ಹೀಗೆ ಎಂದು ವಿಚಾರಿಸಿದರು. ಚಿಕ್ಕಂದಿನಿಂದಲೇ ಇರಬೇಕು, ಆಗ ಯಾರೂ ನೋಡಲಿಲ್ಲ ಎಂದರು ಕವಿಗಳು. ಅಧ್ಯಕ್ಷೆ ತಂಗಿಯ ಮಗಳ ಎಡಬದಿಯಿಂದಲೇ ಏನೋ ಕೇಳಿದರು. ಅವಳು ತಿರುಗಲಿಲ್ಲ. ಅಧ್ಯಕ್ಷೆ ಒಂದು ಕ್ಷಣ ಅವಳನ್ನೇ ನೋಡಿ, ಸುತ್ತು ಬಳಸಿ ಅವಳ ಬಲಗಡೆಗೆ ಬಂದು ನಿಂತು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ವರ್ಷಕ್ಕೆ ಎಷ್ಟು ಮಕ್ಕಳನ್ನು ನೋಡುತ್ತೀರಿ ಎಂಬುದು ಪ್ರಶ್ನೆ. ಆ ನಗದ ಹೆಂಗಸು ಅಷ್ಟು ದೂರ ಸುತ್ತಿ ಬಂದದ್ದನ್ನು ನಾನು ಮರೆಯುವುದಿಲ್ಲ. ಹೊರಡುವಾಗ ಸಂಪಾದಕರ ಮುಂದೆ ನಿಂತು, “ಲೇಖನ ಚೆನ್ನಾಗಿತ್ತು. ಕವಿಗೆ ಎಣ್ಣೆ ಬಿಡಬೇಡಿ ಅನ್ನೋದನ್ನ ನಮ್ಮ ಮನೆಯವರಿಗೂ ಓದಿ ಹೇಳ್ದೆ, ಅವರೂ ಕವನ ಬರೀತಾರೆ,” ಎಂದರು. ಆಗಲೂ ನಗಲಿಲ್ಲ.

ಆ ಮೇಲೆ ಕಾಯುವ ದಿನಗಳು. ಕವಿಗಳು ಸಂಸ್ಕೃತಿ ಇಲಾಖೆಗೆ ಮರಳುವ ಮಾತೆತ್ತಲಿಲ್ಲ. ಬೆಳಗಿನ ಹೊತ್ತು ಯಂತ್ರ ಹಾಕಿಕೊಂಡು ತಾಯಂದಿರ ಹೆಸರು ಕೂಗುವ ಕೆಲಸ ವಹಿಸಿಕೊಂಡರು, ಈಗ ಮೆತ್ತಗೆ ಕೂಗುತ್ತಿದ್ದರು. ಬರೆಯಲು ಕೂತಾಗ ಅದನ್ನು ಕಳಚಿ ಮೇಜಿನ ಮೇಲಿಡುತ್ತಿದ್ದರು. ಆಗ ಅವರಿಗೆ ತಪ್ಪಾಗಿ ಕೇಳಿಸಲು ಬೇಕಾದಷ್ಟು ಮಾತಾಡುವ ಜವಾಬ್ದಾರಿ ನನ್ನದು.

ಆದೇಶ ಬಂದ ದಿನ ಕೋಣೆ ತುಂಬಿತ್ತು. ತಂಗಿಯ ಮಗಳಿಗೆ ಬಿಸ್ಕತ್ತಿಗೂ ಪುರುಸೊತ್ತಿರಲಿಲ್ಲ. ಊಟದ ಹೊತ್ತು ಮೀರಿದ ಮೇಲೆ, ನನ್ನ ಮಡಿಲಲ್ಲಿ ಕೊನೆಯ ಮಗು ನಿದ್ದೆಹೋಗುತ್ತಿದ್ದಾಗ, ಬಾಗಿಲಲ್ಲಿ ಕಿರ್ ಎಂಬ ಅರ್ಧ ಸದ್ದು ಬಂದು ನಿಂತಿತು. ಸಂಪಾದಕರು ಬೂಟು ಬಿಚ್ಚಿ ಕಾಲ್ಚೀಲದಲ್ಲಿ ಒಳಬಂದರು. ಆದೇಶದ ಹಾಳೆಯನ್ನು ಅವಳ ಕಣ್ಣಮುಂದೆ ಹಿಡಿದು, ಒಂದು ಪದದ ಕೆಳಗೆ ಬೆರಳಿಟ್ಟು, ತುಟಿಯಲ್ಲೇ ಓದಿದರು. ಕಿ, ವಿ. ಗುಡಿಸನ್ನು ಬೆರಳ ತುದಿಯಿಂದ ಎರಡು ಸಲ ತಟ್ಟಿದರು. ಅದರ ಮುಂದೆ ‘ತಪಾಸಣಾ ಕೊಠಡಿಯನ್ನು ಮುಂದುವರಿಸಲು ಅನುಮತಿ’ ಎಂದಿತ್ತು.

ಅವಳು ಪಕ್ಕದ ಸ್ಟೂಲಿನ ಮೇಲೆ ಕೂತಳು. ನಾನು ಆ ಕೋಣೆಯಲ್ಲಿ ಅವಳು ಕೂತದ್ದನ್ನು ಕಂಡದ್ದೇ ಅಪರೂಪ. ಮಾತಾಡಲು ಬಾಯಿ ತೆರೆದವಳು ಮಗುವನ್ನು ನೋಡಿ ಸುಮ್ಮನಾದಳು.

ಸಂಪಾದಕರು ಹೊರಟವರು ಬಾಗಿಲ ತನಕ ಹೋಗಿ ತಿರುಗಿ ಬಂದರು. ಅವಳ ಎಡಗಡೆಯಿಂದ ಬಂದವರು, ಏನೋ ನೆನಪಾದಂತೆ, ಸುತ್ತಿಕೊಂಡು ಬಲಗಡೆಗೆ ಹೋದರು. ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಸಡಿಲಿಸಿದರು. ಬೆಳ್ಳುಳ್ಳಿ ಎಣ್ಣೆಯಲ್ಲಿ ಕೆಂಪಗಾಗಿ, ಕೆಂಪು ದಾಟಿ ಕಪ್ಪಗಾದ ವಾಸನೆ ಬಂತು. ಮನೆಯಲ್ಲಿ ಅಡುಗೆ ಮಾಡುವವರು ಅವರೇ ಎಂದು ನನಗೆ ಆಗ ತಿಳಿಯಿತು, ಮುಚ್ಚಳದ ಗೋಡೆ ಏಕೆಂದೂ ತಿಳಿಯಿತು. ಅವರು ನನ್ನ ಕಡೆ ನೋಡಿ ಕೊಂಚ ನಾಚಿಕೊಂಡರು. ಮುಚ್ಚಳವನ್ನು ಪೂರ್ತಿ ತೆಗೆದು, ಚಮಚವನ್ನು ತಮ್ಮ ಕರವಸ್ತ್ರದಲ್ಲಿ ಒರೆಸಿ, ಸದ್ದಾಗದಂತೆ ಡಬ್ಬಿಯನ್ನು ಅವಳ ಎರಡೂ ಕೈಗಳಲ್ಲಿ ಇಟ್ಟರು.